ಕೋರ್ಸಿಗೆ ಯಾವ ಆ್ಯಪ್ ಸರಿ? ವಾಟ್ಸ್ಆ್ಯಪ್‌ನಿಂದ ಮೂಡಲ್ ಫೋರಂವರೆಗೆ ಒಂದು ಹೋಲಿಕೆ

ಸೆಮಿಸ್ಟರ್ ಶುರುವಾದ ಮೊದಲ ದಿನವೇ ಯಾರಾದರೊಬ್ಬರು ವಾಟ್ಸ್ಆ್ಯಪ್ ಗ್ರೂಪ್ ಮಾಡಿಬಿಡುತ್ತಾರೆ. ಅಲ್ಲಿಂದಾಚೆ ಅದೇ ನೋಟಿಸ್ ಬೋರ್ಡು, ಪ್ರಶ್ನೆ ಕೇಳುವ ಜಾಗವೂ ಅದೇ, ನೋಟ್ಸ್ ಇಡುವುದೂ ಅಲ್ಲೇ, ಹುಟ್ಟುಹಬ್ಬದ ಶುಭಾಶಯವೂ ಅಲ್ಲೇ. ಆರು ವಾರ ಕಳೆಯುವಷ್ಟರಲ್ಲಿ ಸಾಕಷ್ಟು ಜನ ಗ್ರೂಪನ್ನು ಮ್ಯೂಟ್ ಮಾಡಿರುತ್ತಾರೆ. ಅಸೈನ್‌ಮೆಂಟ್ ತಾರೀಕು ಮೊದಲಿದ್ದದ್ದಕ್ಕಿಂತ ಬೇಗ ಬಂದದ್ದು ಅವರಿಗೆ ಗೊತ್ತಾಗುವುದು ತಾರೀಕು ಮುಗಿದ ಮೇಲೆ. ಇದಕ್ಕೆ ಆ್ಯಪನ್ನು ಬೈದು ಪ್ರಯೋಜನವಿಲ್ಲ. ನಾಲ್ಕು ಬೇರೆ ಬೇರೆ ಕೆಲಸವನ್ನು ಒಂದೇ ಕಡೆ ತುರುಕಿದ್ದರಿಂದ ಹೀಗಾಗುತ್ತದೆ.

ಆ ನಾಲ್ಕು ಕೆಲಸ ಇವು: ತಿಳಿಸುವುದು, ಪ್ರಶ್ನೆ ಕೇಳಿ ಉತ್ತರ ಪಡೆಯುವುದು, ಒಂದು ವಿಷಯ ಹಿಡಿದು ಚರ್ಚಿಸುವುದು, ಮಾಡಿದ ಕೆಲಸವನ್ನು ಹೊರಗಿನವರಿಗೆ ತೋರಿಸುವುದು. ಸೂಚನೆ ತಕ್ಷಣ ತಲುಪಬೇಕು. ವಾರ ಕಳೆದ ಮೇಲೆ ಅದು ಕಣ್ಮರೆಯಾದರೂ ನಷ್ಟವಿಲ್ಲ. ಪ್ರಶ್ನೋತ್ತರ ಅರ್ಧ ದಿನ ತಡವಾದರೂ ನಡೆಯುತ್ತದೆ, ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಹುಡುಕಿದರೆ ಸಿಗಲೇಬೇಕು. ಚರ್ಚೆಗೆ ಯೋಚಿಸಿ ಬರೆಯುವಷ್ಟು ಬಿಡುವು ಬೇಕು. ಹೊರಗೆ ತೋರಿಸುವುದಕ್ಕೆ ವಿದ್ಯಾರ್ಥಿಯ ಒಪ್ಪಿಗೆ ಬೇಕು. ಹಾಗಾಗಿ ಆ್ಯಪ್‌ಗಳನ್ನು ಹೋಲಿಸುವ ಮೊದಲು, ನಿಮ್ಮ ಕೋರ್ಸಿನಲ್ಲಿ ಇವುಗಳಲ್ಲಿ ಯಾವುದು ನಿಜವಾಗಿಯೂ ನಡೆಯಬೇಕು ಎಂದು ಗುರುತು ಹಾಕಿಕೊಳ್ಳಿ. ಬಹುಪಾಲು ಕೋರ್ಸುಗಳಿಗೆ ಎರಡು ಜಾಗ ಸಾಕು: ತಿಳಿಸಲು ಒಂದು, ಪ್ರಶ್ನೋತ್ತರ ಮತ್ತು ಚರ್ಚೆಗೆ ಇನ್ನೊಂದು. ಮೂರನೆಯದು ಸೇರಿತೋ, "ಅದನ್ನ ಎಲ್ಲಿ ಹಾಕಿದ್ರಿ ಸರ್?" ಎಂಬ ಪ್ರಶ್ನೆ ಶುರು.

ವಾಟ್ಸ್ಆ್ಯಪ್: ತಿಳಿಸಲು ಒಳ್ಳೆಯದು, ಕಲಿಯಲು ಇಕ್ಕಟ್ಟು

ಇದರ ದೊಡ್ಡ ಬಲ, ಯಾರಿಗೂ ಹೊಸದಾಗಿ ಕಲಿಸಬೇಕಿಲ್ಲ. ಒಂದು ಗ್ರೂಪಿನಲ್ಲಿ 1,024 ಜನರವರೆಗೆ ಇರಬಹುದು, ಎಷ್ಟು ದೊಡ್ಡ ತರಗತಿಗೂ ಸಾಕು. ಸೂಚನೆಗಳಿಗೆ ಬಳಸುವುದಾದರೆ ಗ್ರೂಪ್ ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸುವಂತೆ ಮೊದಲ ದಿನವೇ ಬದಲಿಸಿ. ಆಮೇಲೆ ಬದಲಿಸಿದರೆ ಬಾಯಿ ಮುಚ್ಚಿಸಿದಂತೆ ಕಾಣುತ್ತದೆ. ಮುಖ್ಯವಾದ ಮೆಸೇಜನ್ನು ಪಿನ್ ಮಾಡಬಹುದು, ಆದರೆ ಒಮ್ಮೆಗೆ ಮೂರು ಮಾತ್ರ, ಅದೂ ಹೆಚ್ಚೆಂದರೆ 30 ದಿನ. ಸಿಲಬಸ್ ಮತ್ತು ವೇಳಾಪಟ್ಟಿಯನ್ನು ಪಿನ್ ನಂಬಿ ಬಿಡಬೇಡಿ. ಗ್ರೂಪಿನ ವಿವರಣೆಯಲ್ಲಿ ಅದರ ಲಿಂಕ್ ಹಾಕಿ. ಕಳಿಸಿದ ಮೆಸೇಜನ್ನು ತಿದ್ದಲು 15 ನಿಮಿಷ ಇರುತ್ತದೆ. ಆ ಅವಧಿ ದಾಟಿದ ಮೇಲೆ ತಾರೀಕು ತಪ್ಪಾಗಿದೆ ಎಂದು ಗೊತ್ತಾದರೆ ಹಳೆಯದನ್ನು ಅಳಿಸಿ ಹೊಸದು ಕಳಿಸಿ. ತಪ್ಪು ಮತ್ತು ತಿದ್ದುಪಡಿ ಎರಡೂ ಗ್ರೂಪಿನಲ್ಲಿ ಉಳಿದರೆ ಯಾರೋ ಒಬ್ಬರು ತಪ್ಪಿನದೇ ಸ್ಕ್ರೀನ್‌ಶಾಟ್ ತೆಗೆದು ಹಂಚುತ್ತಾರೆ.

ಕಷ್ಟ ಶುರುವಾಗುವುದು ಪ್ರಶ್ನೋತ್ತರದಲ್ಲಿ. ಕ್ವಿಜ್‌ನ ಹಿಂದಿನ ರಾತ್ರಿ ಹತ್ತಕ್ಕೆ ಒಬ್ಬರು "ನಾಳೆಗೆ ಮೂರನೇ ಅಧ್ಯಾಯ ಇದೆಯಾ?" ಎಂದು ಕೇಳುತ್ತಾರೆ. ಅರ್ಧ ನಿಮಿಷದಲ್ಲಿ ಇನ್ನೊಬ್ಬರು "ಕ್ಯಾಲ್ಕ್ಯುಲೇಟರ್ ತರಬಹುದಾ?" ಎನ್ನುತ್ತಾರೆ. ಮೂರನೆಯವರು "ಹೌದು" ಎಂದು ಹಾಕುತ್ತಾರೆ. ಯಾವುದಕ್ಕೆ ಹೌದು? ರಿಪ್ಲೈ ಒತ್ತಿ ಉತ್ತರಿಸಿದ್ದರೆ ತಿಳಿಯುತ್ತಿತ್ತು; ಅವಸರದಲ್ಲಿ ಯಾರೂ ಒತ್ತುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದವರಿಗೆ ಐವತ್ತು ಮೆಸೇಜ್, ಒಂದಕ್ಕೊಂದು ಹೆಣೆದುಕೊಂಡ ಮೂರು ಮಾತುಕತೆ. ಇದು ಯಾರ ಅಶಿಸ್ತೂ ಅಲ್ಲ. ಸಮಯದ ಸಾಲಿನಲ್ಲೇ ಮೆಸೇಜ್ ಇಡುವ ಎಲ್ಲ ಚಾಟ್ ಆ್ಯಪ್‌ಗಳ ರಚನೆಯೇ ಹೀಗೆ.

ಇನ್ನೂ ಮೂರು ತೊಡಕುಗಳಿವೆ. ತಡವಾಗಿ ಪ್ರವೇಶ ಪಡೆದವರಿಗೆ ಹಳೆಯ ಮೆಸೇಜ್‌ಗಳು ತಾನಾಗಿ ಕಾಣುವುದಿಲ್ಲ, ಹಾಗಾಗಿ ಅವರು ಮೊದಲ ವಾರದ ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ. ಬೋರ್ಡಿನ ಫೋಟೋ ಹಾಗೇ ಕಳಿಸಿದರೆ ಗಾತ್ರ ಕುಗ್ಗಿ ಸಬ್‌ಸ್ಕ್ರಿಪ್ಟುಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗಾಗುವುದಿಲ್ಲ. ಮೂರನೆಯದು, ಗಂಭೀರವಾದದ್ದು: ಸಾಮಾನ್ಯ ಗ್ರೂಪಿನಲ್ಲಿ ಎಲ್ಲರ ಫೋನ್ ನಂಬರ್ ಎಲ್ಲರಿಗೂ ಸಿಗುತ್ತದೆ. ತರಗತಿಯ ಹೆಸರಿನಲ್ಲಿ ಸಿಕ್ಕ ನಂಬರಿಗೆ ರಾತ್ರಿ ಬೇಡದ ಮೆಸೇಜ್ ಬಂದರೆ ಅದರ ಹೊಣೆಯಿಂದ ಕೋರ್ಸು ನಡೆಸುವವರು ತಪ್ಪಿಸಿಕೊಳ್ಳಲಾಗದು. ವಾಟ್ಸ್ಆ್ಯಪ್ಪೇ ಬೇಕೆಂದಿದ್ದರೆ ಕಮ್ಯುನಿಟಿ (ಹಲವು ಗ್ರೂಪ್‌ಗಳನ್ನು ಒಂದೆಡೆ ಸೇರಿಸುವ ಏರ್ಪಾಟು) ಮಾಡಿ, ಅದರ ಅನೌನ್ಸ್‌ಮೆಂಟ್ ಗ್ರೂಪನ್ನಷ್ಟೇ ಬಳಸಿ. ಅಲ್ಲಿ ಸದಸ್ಯರ ನಂಬರ್ ಅಡ್ಮಿನ್‌ಗಳಿಗೆ ಮತ್ತು ಮೊದಲೇ ಸೇವ್ ಮಾಡಿಕೊಂಡವರಿಗೆ ಬಿಟ್ಟು ಉಳಿದವರಿಗೆ ಕಾಣುವುದಿಲ್ಲ.

ವಿದ್ಯಾರ್ಥಿಗಳು ತಾವೇ ಮಾಡಿಕೊಂಡ ಗ್ರೂಪ್ ಬೇರೆ ವಿಷಯ. ಅದರಲ್ಲಿ ಅಧ್ಯಾಪಕರು ಸೇರದಿರುವುದೇ ಒಳ್ಳೆಯದು. ಮೇಷ್ಟ್ರಿಲ್ಲದ ಜಾಗದಲ್ಲಿ "ನಂಗೆ ಏನೂ ಅರ್ಥ ಆಗ್ಲಿಲ್ಲ" ಎಂದು ಹೇಳಿಕೊಳ್ಳುವುದು ಸುಲಭ, ಕಲಿಕೆಗೆ ಅದೂ ಬೇಕು.

ಟೆಲಿಗ್ರಾಂ: ದೊಡ್ಡ ತರಗತಿಗೆ ಅನುಕೂಲ, ಬಾಗಿಲು ಗಟ್ಟಿ ಹಾಕಿದರೆ

ಫೋನ್ ನಂಬರ್ ಮರೆಮಾಡಿ ಯೂಸರ್‌ನೇಮ್‌ನಲ್ಲೇ ಇರಬಹುದು ಎನ್ನುವುದು ಮೊದಲ ಲಾಭ. ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಫೋನ್ ನಂಬರ್ ಯಾರಿಗೂ ಕಾಣದಂತೆ ಮಾಡುವುದನ್ನು ಮೊದಲ ತರಗತಿಯಲ್ಲೇ ಎಲ್ಲರಿಂದ ಮಾಡಿಸಿ. ಹೊಸ ಸದಸ್ಯರಿಗೆ ಹಳೆಯ ಸಂಭಾಷಣೆ ಕಾಣಬೇಕೇ ಬೇಡವೇ ಎಂಬುದನ್ನು ಅಡ್ಮಿನ್ ನಿರ್ಧರಿಸಬಹುದು. ಕೋರ್ಸಿಗೆ ಕಾಣುವಂತೆ ಇಡಿ. ಟಾಪಿಕ್ಸ್ ಆನ್ ಮಾಡಿದರೆ ಒಂದೇ ಗ್ರೂಪಿನೊಳಗೆ ಅಸೈನ್‌ಮೆಂಟ್ 1, ಲ್ಯಾಬ್, ಪರೀಕ್ಷೆ ಎಂದು ಪ್ರತ್ಯೇಕ ಸಾಲುಗಳಾಗುತ್ತವೆ. ಕ್ವಿಜ್ ಮಾದರಿಯ ಪೋಲ್‌ನಲ್ಲಿ ಸರಿ ಉತ್ತರ ಗುರುತಿಸಿ, ತಪ್ಪು ಉತ್ತರ ಆರಿಸಿದವರಿಗೆ ವಿವರಣೆ ಕಾಣುವಂತೆ ಮಾಡಬಹುದು. ಮುಂದಿನ ತರಗತಿಗೆ ಮೊದಲು ಒಂದೆರಡು ಪ್ರಶ್ನೆ ಹಾಕಿದರೆ ಎಲ್ಲಿ ಎಡವುತ್ತಿದ್ದಾರೆ ಎಂಬುದು ನಿಮಗೇ ಕಾಣುತ್ತದೆ. ಹರಟೆ ಮಿತಿಮೀರಿದರೆ ಸ್ಲೋ ಮೋಡ್ ಇದೆ: ಒಬ್ಬರು ಎರಡು ಮೆಸೇಜ್‌ಗಳ ನಡುವೆ ಕೆಲವು ಸೆಕೆಂಡಿನಿಂದ ಒಂದು ಗಂಟೆಯವರೆಗೆ ಕಾಯಬೇಕಾಗುತ್ತದೆ.

ಇದರ ದೌರ್ಬಲ್ಯವೂ ಅದರ ವಿಸ್ತಾರದಲ್ಲೇ ಇದೆ. ಎರಡು ಲಕ್ಷ ಜನರನ್ನು ಹಿಡಿಸುವ ಗ್ರೂಪಿಗೆ ಅಪರಿಚಿತರು ನುಗ್ಗುವುದು ಸುಲಭ. ಪಬ್ಲಿಕ್ ಗ್ರೂಪ್ ಮಾಡಿದರೆ ಹುಡುಕಾಟದಲ್ಲಿ ಯಾರಿಗೂ ಸಿಗುತ್ತದೆ. ಪ್ರೈವೇಟ್ ಗ್ರೂಪಿನ ಲಿಂಕ್ ಎಲ್ಲೋ ಹಂಚಿಕೆಯಾದರೂ ಅದೇ ಕಥೆ. ಸೇರಲು ಅಡ್ಮಿನ್ ಒಪ್ಪಿಗೆ ಬೇಕು ಎಂದು ಲಿಂಕಿಗೆ ಷರತ್ತು ಹಾಕಿ, ಎರಡನೇ ವಾರ ಮುಗಿದ ಮೇಲೆ ಆ ಲಿಂಕನ್ನೇ ರದ್ದು ಮಾಡಿ. ಇನ್ನೊಂದು ಮಾತು: ಗ್ರೂಪ್ ಚಾಟ್‌ಗಳಲ್ಲಿ ಎಂಡ್‌-ಟು-ಎಂಡ್ ಎನ್‌ಕ್ರಿಪ್ಷನ್ (ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ಏರ್ಪಾಟು) ಇಲ್ಲ, ಅದು ಇಬ್ಬರ ನಡುವಿನ ಸೀಕ್ರೆಟ್ ಚಾಟ್‌ಗೆ ಮಾತ್ರ. ಹಾಗಂತ ವಾಟ್ಸ್ಆ್ಯಪ್‌ನಲ್ಲಿ ಎನ್‌ಕ್ರಿಪ್ಷನ್ ಇದೆಯೆಂದು ಅಲ್ಲಿ ಅಂಕಪಟ್ಟಿ ಹಾಕುವುದೂ ಸಲ್ಲ. ಅಂಕ, ಹಾಜರಾತಿ ಕೊರತೆ, ವೈದ್ಯಕೀಯ ಕಾರಣ ಇವು ಯಾವ ಗುಂಪಿಗೂ ಹೋಗಬಾರದು.

ಡಿಸ್ಕಾರ್ಡ್ ಮತ್ತು ಸ್ಲ್ಯಾಕ್

ಪ್ರಾಜೆಕ್ಟ್ ತಂಡಗಳಿರುವ ಕೋರ್ಸು, ಪ್ರೋಗ್ರಾಮಿಂಗ್ ಲ್ಯಾಬು, ಸ್ಟುಡಿಯೋ ತರಗತಿ ಇವುಗಳಿಗೆ ಡಿಸ್ಕಾರ್ಡ್‌ನಷ್ಟು ಒಗ್ಗುವುದು ಬೇರೆ ಇಲ್ಲ. ಕಾರಣ ವಾಯ್ಸ್ ಚಾನೆಲ್. ಯಾರೂ ಕರೆ ಮಾಡಬೇಕಿಲ್ಲ, ಮೀಟಿಂಗ್ ಲಿಂಕ್ ಬೇಡ; ಚಾನೆಲ್ ಒಳಗೆ ಬಂದವರು ಮಾತಾಡಬಹುದು, ಸ್ಕ್ರೀನ್ ತೋರಿಸಬಹುದು. ಕೋಡ್ ಎಲ್ಲಿ ಮುರಿದಿದೆ ಎಂದು ತೋರಿಸಿಕೊಂಡು ಕೇಳುವುದಕ್ಕೂ ಬರೆದು ಕೇಳುವುದಕ್ಕೂ ಅಜಗಜಾಂತರ. ಪ್ರತಿ ತಂಡಕ್ಕೆ ಒಂದು ರೋಲ್ (ಯಾರಿಗೆ ಏನು ಕಾಣಬೇಕು, ಯಾರು ಏನು ಮಾಡಬಹುದು ಎಂದು ನಿರ್ಧರಿಸುವ ಗುರುತು), ಆ ರೋಲ್‌ಗೆ ಮಾತ್ರ ಕಾಣುವ ಒಂದು ಟೆಕ್ಸ್ಟ್ ಚಾನೆಲ್, ಒಂದು ವಾಯ್ಸ್ ಚಾನೆಲ್. ಅಧ್ಯಾಪಕರ ರೋಲ್‌ಗೆ ಎಲ್ಲವೂ ಕಾಣಲಿ, ಮತ್ತು ಕಾಣುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿ.

ಸರ್ವರ್ (ಡಿಸ್ಕಾರ್ಡ್‌ನಲ್ಲಿ ನಿಮ್ಮ ಕೋರ್ಸಿನ ಜಾಗಕ್ಕೆ ಇರುವ ಹೆಸರು) ಮಾಡಿದ ಕೂಡಲೇ ಬದಲಿಸಬೇಕಾದ್ದು ಮೂರು. ನೋಟಿಫಿಕೇಶನ್ ತಾನಾಗಿ ಎಲ್ಲ ಮೆಸೇಜಿಗೂ ಬರುವಂತಿರುತ್ತದೆ, ಅದನ್ನು ಹೆಸರು ಕರೆದಾಗ ಮಾತ್ರ ಎಂದು ಮಾಡಿ. ಇಲ್ಲದಿದ್ದರೆ ಎರಡೇ ದಿನಕ್ಕೆ ಎಲ್ಲರೂ ಸರ್ವರನ್ನೇ ಮ್ಯೂಟ್ ಮಾಡುತ್ತಾರೆ. ಎಲ್ಲರನ್ನೂ ಒಟ್ಟಿಗೆ ಕರೆಯುವ ಅನುಮತಿಯನ್ನು ವಿದ್ಯಾರ್ಥಿಗಳ ರೋಲ್‌ನಿಂದ ತೆಗೆಯಿರಿ. ಆಹ್ವಾನದ ಲಿಂಕಿಗೆ ಅವಧಿ ಇರುತ್ತದೆ, ಸಿಲಬಸ್‌ನಲ್ಲಿ ಅಚ್ಚು ಹಾಕುವ ಮೊದಲು ಅದನ್ನು ಪರೀಕ್ಷಿಸಿ. ಚಾನೆಲ್‌ಗಳು ಐದಾರಕ್ಕಿಂತ ಹೆಚ್ಚು ಬೇಡ. ಇಪ್ಪತ್ತು ಚಾನೆಲ್ ತೆರೆದ ಸರ್ವರ್‌ನಲ್ಲಿ ಹದಿನೆಂಟು ಖಾಲಿ ಇರುತ್ತವೆ, ಖಾಲಿ ಚಾನೆಲ್ ನೋಡಿದವರಿಗೆ ಇಲ್ಲಿ ಯಾರೂ ಇಲ್ಲ ಅನ್ನಿಸುತ್ತದೆ. ಉಚಿತ ಖಾತೆಯಲ್ಲಿ ಒಂದು ಫೈಲ್ 10 ಎಂಬಿ ದಾಟುವಂತಿಲ್ಲ, ಹಾಗಾಗಿ ಲ್ಯಾಬ್ ವಿಡಿಯೋ ಅಲ್ಲಿ ಕೂರುವುದಿಲ್ಲ. ಸಮೀಕರಣ ಬರೆಯಲು ಅದರಲ್ಲೇ ಏರ್ಪಾಟಿಲ್ಲ, ಅದಕ್ಕೆ ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಸೇರಿಸಬೇಕು. ಕೆಲವು ಕ್ಯಾಂಪಸ್ ನೆಟ್‌ವರ್ಕ್‌ಗಳು ಡಿಸ್ಕಾರ್ಡನ್ನು ತಡೆದಿರುತ್ತವೆ. ಸೆಮಿಸ್ಟರ್‌ಗೆ ಮೊದಲೇ ತರಗತಿಯ ವೈಫೈನಲ್ಲಿ ತೆರೆದು ನೋಡಿ.

ಕಚೇರಿ ತಂಡಗಳ ಚಾಟ್ ಆ್ಯಪ್ ಆದ ಸ್ಲ್ಯಾಕ್ ಶಿಸ್ತಾಗಿದೆ, ಒಂದು ಮೆಸೇಜಿನ ಉತ್ತರಗಳನ್ನು ಒಟ್ಟಿಗೆ ಇಡುವ ಥ್ರೆಡ್‌ಗಳು ಚೆನ್ನಾಗಿವೆ, ಉದ್ಯೋಗಕ್ಕೆ ಹೋದ ಮೇಲೂ ಬಳಕೆಗೆ ಬರುತ್ತದೆ. ಆದರೆ ಉಚಿತ ಯೋಜನೆಯಲ್ಲಿ ಕಾಣುವುದು ಕಳೆದ 90 ದಿನಗಳ ಮೆಸೇಜ್ ಮಾತ್ರ. 16 ವಾರಗಳ ಸೆಮಿಸ್ಟರ್ ಎಂದರೆ 112 ದಿನ. ಕೊನೆಯ ಪರೀಕ್ಷೆಗೆ ಓದುವ ಹೊತ್ತಿಗೆ ಮೊದಲ ಮೂರು ವಾರದ ಪ್ರಶ್ನೋತ್ತರ ಮರೆಯಾಗಿರುತ್ತದೆ, ಅಡಿಪಾಯದ ಪಾಠಗಳಿದ್ದದ್ದೇ ಅಲ್ಲಿ. ಹಣ ಕೊಡುವ ಏರ್ಪಾಟಿಲ್ಲದಿದ್ದರೆ ಸ್ಲ್ಯಾಕನ್ನು ಕಿರು ಪ್ರಾಜೆಕ್ಟುಗಳಿಗಷ್ಟೇ ಇಟ್ಟುಕೊಳ್ಳಿ.

ಪ್ರಶ್ನೋತ್ತರಕ್ಕೆ: ಪಿಯಾಝಾ, ಮೂಡಲ್ ಫೋರಂ

ಇಲ್ಲಿ ನಮ್ಮ ನಿಲುವು ಸ್ಪಷ್ಟ. ಅರವತ್ತು ಜನರಿಗಿಂತ ದೊಡ್ಡ ತರಗತಿಯಲ್ಲಿ ಪ್ರಶ್ನೋತ್ತರವನ್ನು ಯಾವ ಚಾಟ್ ಆ್ಯಪ್‌ನಲ್ಲೂ ನಡೆಸಬೇಡಿ. ಪ್ರತಿ ಪ್ರಶ್ನೆಗೂ ತಲೆಬರಹ ಇರುವ, ಉತ್ತರಗಳು ಅದರ ಕೆಳಗೇ ಉಳಿಯುವ ಜಾಗ ಬೇಕು.

ಪಿಯಾಝಾ ಇದಕ್ಕಾಗಿಯೇ ಕಟ್ಟಿದ್ದು. ಒಂದು ಪ್ರಶ್ನೆಗೆ ವಿದ್ಯಾರ್ಥಿಗಳ ಉತ್ತರ ಒಂದೇ, ಅಧ್ಯಾಪಕರ ಉತ್ತರ ಒಂದೇ; ವಿದ್ಯಾರ್ಥಿಗಳೆಲ್ಲ ಸೇರಿ ತಮ್ಮ ಉತ್ತರವನ್ನು ತಿದ್ದುತ್ತಾ ಹೋಗಬಹುದು. ಹತ್ತು ಅರೆಬರೆ ಉತ್ತರಗಳ ಬದಲು ಒಂದು ಪೂರ್ತಿ ಉತ್ತರ ರೂಪುಗೊಳ್ಳುತ್ತದೆ. ಅದು ಸರಿಯಿದ್ದರೆ ಅಧ್ಯಾಪಕರು ಒಪ್ಪಿಗೆಯ ಗುರುತು ಹಾಕಿದರೆ ಸಾಕು. ಸಹಪಾಠಿಗಳಿಗೆ ಹೆಸರು ತೋರದೆ ಪ್ರಶ್ನೆ ಕೇಳುವ ಅವಕಾಶವಿದೆ, ತರಗತಿಯಲ್ಲಿ ಬಾಯಿ ಬಿಡದವರು ಇಲ್ಲಿ ಕೇಳುವುದು ಅದರಿಂದಲೇ. ಹೆಸರು ಸಹಪಾಠಿಗಳಿಗೆ ಮಾತ್ರ ಮರೆಯಾಗಿ ಅಧ್ಯಾಪಕರಿಗೆ ಕಾಣುವ ಆಯ್ಕೆಯನ್ನೇ ಇಡಿ. ಪೂರ್ತಿ ಅನಾಮಿಕತೆ ಬಿಟ್ಟರೆ ಯಾರನ್ನಾದರೂ ಹೀಯಾಳಿಸುವ ಪೋಸ್ಟ್ ಬಂದಾಗ ಕೈಕಟ್ಟಿ ಕೂರಬೇಕಾಗುತ್ತದೆ. ಗಣಿತ, ಭೌತವಿಜ್ಞಾನದವರಿಗೆ ಲೇಟೆಕ್‌ನಲ್ಲಿ ಸಮೀಕರಣ ಬರೆಯಬಹುದು ಎಂಬುದೊಂದೇ ಸಾಕಷ್ಟು ಕಾರಣ.

ಕೋರ್ಸಿನ ಪಾಠ, ಸಲ್ಲಿಕೆಗಳನ್ನು ಆನ್‌ಲೈನ್‌ನಲ್ಲಿ ನಡೆಸುವ ಮೂಡಲ್ ನಿಮ್ಮ ವಿಶ್ವವಿದ್ಯಾಲಯದಲ್ಲಿ ಈಗಾಗಲೇ ಇದ್ದರೆ ಹೊಸ ಖಾತೆಯ ರಗಳೆಯೇ ಇಲ್ಲ, ಮಾಹಿತಿ ಸಂಸ್ಥೆಯ ಕೈಯಲ್ಲೇ ಇರುತ್ತದೆ. ಅದರ ಫೋರಂ ನೀರಸ ಎಂದು ಮೂಗು ಮುರಿಯುವವರಿಗೆ ಅದರ ಬಗೆಗಳು ಗೊತ್ತಿರುವುದಿಲ್ಲ. ಪ್ರಶ್ನೋತ್ತರ ಬಗೆಯ ಫೋರಂನಲ್ಲಿ ವಿದ್ಯಾರ್ಥಿ ತನ್ನ ಉತ್ತರ ಹಾಕುವವರೆಗೆ ಬೇರೆಯವರದ್ದು ಕಾಣುವುದಿಲ್ಲ. ಹಾಕಿದ ಮೇಲೂ ತಿದ್ದುವ ಅವಧಿ, ಸಾಮಾನ್ಯವಾಗಿ 30 ನಿಮಿಷ, ಮುಗಿಯಬೇಕು. ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆಯುವುದಕ್ಕೆ ಇದು ಒಳ್ಳೆಯ ತಡೆ. ಇದರಲ್ಲೊಂದು ಕಂಡಿಯಿದೆ: ಬರೀ ಒಂದು ಚುಕ್ಕೆ ಹಾಕಿ ಪೋಸ್ಟ್ ಮಾಡಿ ಬಾಗಿಲು ತೆರೆಸಿಕೊಳ್ಳುವವರು ಇರುತ್ತಾರೆ. ಮೊದಲ ಪೋಸ್ಟಿಗೆ ಮಾತ್ರ ಅಂಕ ಎಂದು ಹೇಳಿಬಿಟ್ಟರೆ ಚುಕ್ಕೆ ನಿಲ್ಲುತ್ತದೆ. ಸೂಚನೆಯ ಇಮೇಲ್ ಕೂಡ ಅದೇ ಅರ್ಧ ಗಂಟೆ ತಡವಾಗಿ ಹೋಗುತ್ತದೆ; ತುರ್ತು ವಿಷಯಕ್ಕೆ ತಿದ್ದುವ ಅವಧಿ ಕಾಯದೆ ಕಳಿಸುವ ಆಯ್ಕೆಯನ್ನು ಪೋಸ್ಟ್ ಮಾಡುವಾಗಲೇ ಗುರುತು ಹಾಕಬೇಕು. ಮೂಡಲ್‌ನ ನಿಜವಾದ ಕೊರತೆ, ಜನ ದಿನಕ್ಕೆ ಹತ್ತು ಸಲ ಅದನ್ನು ತೆರೆಯುವುದಿಲ್ಲ. ಅದಕ್ಕೇ ಸೂಚನೆಯ ಗ್ರೂಪ್ ಬೇಕಾಗುವುದು: ಫೋರಂನಲ್ಲಿ ಒಳ್ಳೆಯ ಪ್ರಶ್ನೆ ಬಂದಾಗ ಅದರ ಲಿಂಕನ್ನು ಅಲ್ಲಿ ಹಾಕಿ.

ಯಾವುದನ್ನೇ ಆರಿಸಿ, ಪ್ರಶ್ನೆಯ ತಲೆಬರಹಕ್ಕೆ ಒಂದು ಮಾದರಿ ಕೊಡಿ. "ಡೌಟ್" ಎಂಬ ತಲೆಬರಹದ ನಲವತ್ತು ಪೋಸ್ಟ್‌ಗಳಿಂದ ಯಾರಿಗೂ ಉಪಯೋಗವಿಲ್ಲ. "ಅಸೈನ್‌ಮೆಂಟ್ 2, ಪ್ರಶ್ನೆ 4: ಎರಡನೇ ಹೆಜ್ಜೆಯಲ್ಲಿ ಚಿಹ್ನೆ ಯಾಕೆ ಬದಲಾಗುತ್ತದೆ?" ಎಂದಿದ್ದರೆ ಮುಂದಿನ ವರ್ಷದವರಿಗೂ ಸಿಗುತ್ತದೆ. ಒಳಗೆ ಎರಡು ವಿಷಯ ಕಡ್ಡಾಯವಾಗಿರಲಿ: ತಾನು ಎಲ್ಲಿಯವರೆಗೆ ಮಾಡಿದೆ, ಎಲ್ಲಿ ನಿಂತಿತು.

ಓದಿನ ಮೇಲಿನ ಚರ್ಚೆಗೆ: ಹೈಪಾಥಿಸಿಸ್, ಪೆರೂಸಲ್

ಸಾಹಿತ್ಯ, ಇತಿಹಾಸ, ಕಾನೂನು, ಸಮಾಜಶಾಸ್ತ್ರದಂಥ ಓದು ಹೆಚ್ಚಿರುವ ಕೋರ್ಸುಗಳಲ್ಲಿ ಪಠ್ಯದ ಅಂಚಿನಲ್ಲೇ ಚರ್ಚೆ ನಡೆಯುವುದು ಉತ್ತಮ. "ಈ ಲೇಖನದ ಬಗ್ಗೆ ನಿಮ್ಮ ಅಭಿಪ್ರಾಯ" ಎಂದು ಫೋರಂನಲ್ಲಿ ಕೇಳಿದರೆ ಲೇಖನ ಓದದೆಯೂ ಉತ್ತರ ಬರೆಯಬಹುದು. ನಿರ್ದಿಷ್ಟ ಸಾಲಿನ ಮೇಲೆ ಟಿಪ್ಪಣಿ ಹಾಕಲು ಆ ಸಾಲಿನವರೆಗಾದರೂ ಹೋಗಬೇಕು. ಹೈಪಾಥಿಸಿಸ್, ಪೆರೂಸಲ್ ಇಂಥ ಟಿಪ್ಪಣಿಗೆಂದೇ ಇರುವ ಸಲಕರಣೆಗಳು. ಹೈಪಾಥಿಸಿಸ್‌ನಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ತರಗತಿಯ ಪ್ರೈವೇಟ್ ಗ್ರೂಪನ್ನು ಆರಿಸದೆ ಟಿಪ್ಪಣಿ ಬರೆಯುವುದು. ಬ್ರೌಸರ್‌ನಲ್ಲಿ ಅದು ತಾನಾಗಿ ಪಬ್ಲಿಕ್ ಮೇಲೆ ಇರುತ್ತದೆ, ಟಿಪ್ಪಣಿ ಜಗತ್ತಿಗೆಲ್ಲ ಕಾಣುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರವಾಗಿದ್ದರೆ ಸಾಲನ್ನು ಆಯ್ಕೆ ಮಾಡಲು ಬರುವುದಿಲ್ಲ, ಮೊದಲು ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವುದು) ಮಾಡಬೇಕು. ಪೆರೂಸಲ್ ದೊಡ್ಡ ತರಗತಿಯನ್ನು ತಾನೇ ಚಿಕ್ಕ ಗುಂಪುಗಳಾಗಿ ಒಡೆಯುತ್ತದೆ, ಟಿಪ್ಪಣಿಗಳಿಗೆ ತಾನೇ ಅಂಕವನ್ನೂ ಸೂಚಿಸುತ್ತದೆ. ಗುಂಪು ಒಡೆಯುವುದು ವರವೇ. ಆ ಅಂಕವನ್ನು ಮಾತ್ರ ಕಣ್ಣು ಮುಚ್ಚಿ ಒಪ್ಪಬೇಡಿ. ಯಂತ್ರಕ್ಕೆ ಹಿಡಿಸುವಂತೆ ಉದ್ದುದ್ದ ಬರೆಯುವುದನ್ನು ವಿದ್ಯಾರ್ಥಿಗಳು ಬೇಗ ಕಲಿಯುತ್ತಾರೆ.

ಹೊರಗಿನ ಜಗತ್ತಿಗೆ: ಎಕ್ಸ್, ಯೂಟ್ಯೂಬ್, ವಿಕಿಪೀಡಿಯ

ಟ್ವಿಟರ್ ಕಾಲದ ಒಂದು ಅಧ್ಯಯನವನ್ನು ಈಗಲೂ ಬಹಳ ಜನ ಉಲ್ಲೇಖಿಸುತ್ತಾರೆ. ರೇನಾಲ್ ಜುಂಕೊ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅದರಲ್ಲಿ 125 ವಿದ್ಯಾರ್ಥಿಗಳಿದ್ದರು, 70 ಜನ ಟ್ವಿಟರ್ ಬಳಸಿದ ಗುಂಪಿನವರು. ಅವರ ತೊಡಗುವಿಕೆಯೂ ಅಂಕವೂ ಹೆಚ್ಚಾಗಿದ್ದವು. ಉಲ್ಲೇಖಿಸುವಾಗ ಬಿಟ್ಟುಹೋಗುವ ಸಂಗತಿಯೆಂದರೆ ಅಲ್ಲಿ ಟ್ವಿಟರ್ ಕೋರ್ಸಿನ ಭಾಗವಾಗಿತ್ತು ಮತ್ತು ಅಧ್ಯಾಪಕರು ತಾವೂ ಅದರಲ್ಲಿ ತೊಡಗಿದ್ದರು. ಇಷ್ಟಬಂದವರು ಬಳಸಿ ಎಂದು ಬಿಟ್ಟರೆ ಆ ಫಲ ಬರುವುದಿಲ್ಲ. ಆಗಿನ ಟ್ವಿಟರ್ ಈಗ ಉಳಿದೂ ಇಲ್ಲ. 2023ರಲ್ಲಿ ಉಚಿತ ಎಪಿಐ (ಬೇರೆ ಸಾಫ್ಟ್‌ವೇರ್‌ಗಳು ಅಲ್ಲಿನ ಪೋಸ್ಟ್‌ಗಳನ್ನು ಪಡೆಯುವ ದಾರಿ) ನಿಂತ ಮೇಲೆ ಹ್ಯಾಶ್‌ಟ್ಯಾಗ್ ಪೋಸ್ಟ್‌ಗಳನ್ನು ಕೂಡಿಹಾಕುತ್ತಿದ್ದ ಹಲವು ಸಲಕರಣೆಗಳು ಕೆಟ್ಟವು. ಎಕ್ಸ್‌ನಲ್ಲಿ ನಿಮ್ಮ ವಿಷಯದ ಸಂಶೋಧಕರ ಮಾತು ಕೇಳಿಸಿಕೊಳ್ಳಿ. ವಿದ್ಯಾರ್ಥಿಗಳು ಅಲ್ಲಿ ತಮ್ಮ ಹೆಸರಿನಲ್ಲಿ ಬರೆಯಬೇಕೆಂದು ಕಡ್ಡಾಯ ಮಾಡಬೇಡಿ. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಂಕಕ್ಕಾಗಿ ಬರೆದ ಸಾಲು ಕೆಲಸದ ಸಂದರ್ಶನದವರೆಗೂ ಹಿಂಬಾಲಿಸಬಹುದು.

ವಿಡಿಯೋಗೆ ಯೂಟ್ಯೂಬ್ ಅನ್‌ಲಿಸ್ಟೆಡ್ (ಹುಡುಕಾಟದಲ್ಲಿ ಸಿಗದೆ, ಲಿಂಕ್ ಇದ್ದವರಿಗೆ ಕಾಣುವ ಬಗೆ) ಸಾಕು. ಪ್ರೈವೇಟ್ ಮಾಡಿದರೆ ಕಾಮೆಂಟ್ ಬರೆಯಲು ಆಗುವುದಿಲ್ಲ. ಫೋನ್ ನಂಬರ್‌ನಿಂದ ಖಾತೆ ದೃಢೀಕರಿಸದಿದ್ದರೆ 15 ನಿಮಿಷಕ್ಕಿಂತ ಉದ್ದದ್ದು ಏರುವುದಿಲ್ಲ, ಸಲ್ಲಿಕೆಯ ಕೊನೆಯ ರಾತ್ರಿ ವಿದ್ಯಾರ್ಥಿಗಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ವಿಕಿಪೀಡಿಯದಲ್ಲಿ ಬರೆಸುವುದು ಹೊರಗೆ ತೋರಿಸುವ ಕೆಲಸಗಳಲ್ಲೆಲ್ಲ ಹೆಚ್ಚು ಕಲಿಸುವಂಥದ್ದು, ಏಕೆಂದರೆ ಪ್ರತಿ ವಾಕ್ಯಕ್ಕೂ ಆಧಾರ ಕೇಳುತ್ತಾರೆ. ಮೊದಲು ಪ್ರಯೋಗಪುಟದಲ್ಲಿ ಬರೆಯಲಿ, ಸ್ವಂತ ಸಂಶೋಧನೆಗೆ ಅಲ್ಲಿ ಜಾಗವಿಲ್ಲ ಎಂಬುದು ತಿಳಿದಿರಲಿ. ಹಾಕಿದ ದಿನವೇ ಯಾರಾದರೂ ಅದನ್ನು ತಿದ್ದಬಹುದು, ಅಳಿಸಲೂಬಹುದು. ಹಾಗಾಗಿ ಪುಟದಲ್ಲಿ ಕೊನೆಗೆ ಉಳಿದದ್ದಕ್ಕೆ ಅಂಕ ಕೊಡಬೇಡಿ, ಪುಟದ ಇತಿಹಾಸದಲ್ಲಿ ವಿದ್ಯಾರ್ಥಿ ಮಾಡಿದ ತಿದ್ದುಪಡಿಗಳನ್ನು ತೆರೆದು ನೋಡಿ ಕೊಡಿ.

ಅಂಕ ಹೇಗೆ, ಕೊನೆಗೆ ಮುಚ್ಚುವುದು ಹೇಗೆ

ವಾರಕ್ಕೆ ಇಷ್ಟು ಪೋಸ್ಟ್ ಎಂದು ಲೆಕ್ಕ ಇಟ್ಟರೆ "ನಾನೂ ಒಪ್ಪುತ್ತೇನೆ, ಚೆನ್ನಾಗಿ ಹೇಳಿದ್ದೀರಿ" ಎಂಬ ಸಾಲುಗಳೇ ತುಂಬುತ್ತವೆ. ಅಂಕವೇ ಇಲ್ಲದಿದ್ದರೆ ಬರೆಯುವವರು ಬೆರಳೆಣಿಕೆಯಷ್ಟು. ನಡುವಿನ ದಾರಿ ಇದು: ಸೆಮಿಸ್ಟರ್‌ನ ಕೊನೆಗೆ ವಿದ್ಯಾರ್ಥಿಯೇ ತನ್ನ ಮೂರು ಪೋಸ್ಟ್‌ಗಳನ್ನು ಆರಿಸಿ, ಪ್ರತಿಯೊಂದರ ಕೆಳಗೆ ಅದನ್ನು ಯಾಕೆ ಆರಿಸಿದೆ ಎಂದು ಎರಡು ಸಾಲು ಬರೆದು ಸಲ್ಲಿಸಲಿ. ಒಂದು ಪ್ರಶ್ನೆ, ಒಂದು ಉತ್ತರ, ಇನ್ನೊಬ್ಬರ ಮಾತಿಗೆ ಒಂದು ಪ್ರತಿಕ್ರಿಯೆ. ಅಧ್ಯಾಪಕರು ನೂರಾರು ಪೋಸ್ಟ್ ಓದಬೇಕಿಲ್ಲ, ಮೌನಿಗಳಿಗೂ ಮೂರು ಸಲ ಬರೆದರೆ ಸಾಕು ಎಂಬ ಧೈರ್ಯ. ಚರ್ಚೆಗೆ ಗುಂಪು ಎಂಟು ಹತ್ತು ಜನರಿಗಿಂತ ದೊಡ್ಡದಾಗದಿರಲಿ. ಗಡುವು ಎರಡಿರಲಿ: ಮೊದಲ ಪೋಸ್ಟಿಗೆ ಬುಧವಾರ, ಪ್ರತಿಕ್ರಿಯೆಗೆ ಭಾನುವಾರ. ಒಂದೇ ಗಡುವು ಇಟ್ಟರೆ ಎಲ್ಲರೂ ಕೊನೆಯ ಗಂಟೆಯಲ್ಲಿ ಬರೆದು ಹೋಗುತ್ತಾರೆ, ಓದುವವರೇ ಇರುವುದಿಲ್ಲ.

ನೀವು ಉತ್ತರಿಸುವ ಸಮಯವನ್ನೂ ಸಿಲಬಸ್‌ನಲ್ಲಿ ಬರೆಯಿರಿ, ಉದಾಹರಣೆಗೆ ಸಂಜೆ ಐದರಿಂದ ಆರು. ರಾತ್ರಿ ಹನ್ನೊಂದಕ್ಕೆ ಒಮ್ಮೆ ಉತ್ತರಿಸಿದರೆ ಮರುದಿನದಿಂದ ಅದೇ ನಿಯಮವಾಗುತ್ತದೆ. ವಾಯ್ಸ್ ನೋಟ್ ಕಳಿಸಿದರೆ ಕಿವಿ ಕೇಳದವರಿಗೆ ಅದರ ಸಾರವನ್ನು ಬರೆದೂ ಹಾಕಿ. ಚಿತ್ರ ಹಾಕಿದರೆ ಸ್ಕ್ರೀನ್ ರೀಡರ್ ಬಳಸುವವರಿಗಾಗಿ ಒಂದು ಸಾಲಿನ ವಿವರಣೆ. ಆ್ಯಪ್‌ನ ಖಾತೆ ತೆರೆಯಲು ಮನಸ್ಸಿಲ್ಲದ ವಿದ್ಯಾರ್ಥಿಗೆ ಅಂಕ ಕಳೆಯದ ಬೇರೆ ದಾರಿ, ಕನಿಷ್ಠ ಇಮೇಲ್, ಇರಲೇಬೇಕು.

ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ, ತರಗತಿಗಳಿಗೆಂದೇ ಇದ್ದ ಎಡ್ಮೋಡೊ 2022ರಲ್ಲಿ ಮುಚ್ಚಿದವು. ಹಾಗಾಗಿ ಆರಿಸುವ ದಿನವೇ ಹೊರಗೆ ತೆಗೆಯುವ ದಾರಿ ನೋಡಿಟ್ಟುಕೊಳ್ಳಿ. ಟೆಲಿಗ್ರಾಂನ ಡೆಸ್ಕ್‌ಟಾಪ್ ಆ್ಯಪ್‌ನಿಂದ ಚಾಟ್ ಹಿಸ್ಟರಿಯನ್ನು ಎಚ್‌ಟಿಎಂಎಲ್ ಆಗಿ ಇಳಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಕೊಡುವುದು ಬರೀ ಟೆಕ್ಸ್ಟ್ ಫೈಲ್, ಯಾವ ಉತ್ತರ ಯಾವ ಪ್ರಶ್ನೆಗೆ ಎಂಬ ಕೊಂಡಿ ಅದರಲ್ಲಿ ಉಳಿಯುವುದಿಲ್ಲ. ಡಿಸ್ಕಾರ್ಡ್ ಸರ್ವರನ್ನು ಇಡಿಯಾಗಿ ಇಳಿಸುವ ಬಟನ್ ಇಲ್ಲ. ಬೇಕಾದ ಉತ್ತರಗಳನ್ನು ಪ್ರತಿ ವಾರ ಒಂದು ಡಾಕ್ಯುಮೆಂಟಿಗೆ ನಕಲು ಮಾಡಲು ಇಬ್ಬರು ವಿದ್ಯಾರ್ಥಿಗಳಿಗೆ ಸರದಿ ಹಚ್ಚಿ. ಕೊನೆಯ ವಾರ, ಆ ಡಾಕ್ಯುಮೆಂಟಿನಿಂದ ಹೆಸರುಗಳನ್ನು ತೆಗೆದು ಮುಂದಿನ ವರ್ಷದ ಕೋರ್ಸಿಗೆ ಸೇರಿಸಿ, ಗ್ರೂಪ್ ಮುಚ್ಚುವ ತಾರೀಕನ್ನು ಎರಡು ವಾರ ಮೊದಲೇ ತಿಳಿಸಿ, ಫಲಿತಾಂಶ ಬಂದು ಮರುಮೌಲ್ಯಮಾಪನದ ಗಡುವು ಮುಗಿದ ಮೇಲೆ ಸದಸ್ಯರನ್ನೆಲ್ಲ ಹೊರಗೆ ಕಳಿಸಿ ಗ್ರೂಪನ್ನು ಅಳಿಸಿ.